ಸುಬ್ಬಣ್ಣನ ಮನೆಗೆ ಹದವಾದ ಬಿಸಿ



ಕಳೆದ ಜುಲೈನಲ್ಲಿ ಅಮ್ಮ ಮೈಸೂರಿನಿಂದ ನಮ್ಮ ಡಲ್ಲಾಸ್ ಮನೆಗೆ ಬಂದಿದ್ದರು. ಹೊರಗೆ 103 ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ 39 ಸೆಲ್ಸಿಯಸ್ ದಾಟಿದ ಬಿಸಿಲು. ಬಂದ ಎರಡನೇ ದಿನ ಮಗಳ ಕೋಣೆಗೆ ಹೋದವರು ಅಲ್ಲಿದ್ದ ಗಾಜಿನ ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿ, ನಗುತ್ತಾ ಹೊರಗೆ ಬಂದರು. "ಅಲ್ಲ ಕಣೋ, ಊರೆಲ್ಲ ಬೆಂದು ಹೋಗ್ತಾ ಇದೆ, ಮನುಷ್ಯರಿಗೆಲ್ಲ ಏಸಿ. ಹಾವಿಗೆ ಮಾತ್ರ ಹೀಟರ್ರಾ?"

ಪ್ರಶ್ನೆ ತಮಾಷೆಯದ್ದೇ. ಆದರೆ ಉತ್ತರ ಹೇಳಲು ಹೊರಟ ನನಗೆ ಅಷ್ಟಾಗಿ ನಗು ಬರಲಿಲ್ಲ. ಏಕೆಂದರೆ ಅಂಥದ್ದೇ ಒಂದು ಹೀಟರಿನಿಂದ ಆ ಹಾವಿನ ಹೊಟ್ಟೆಯನ್ನು ಸುಟ್ಟವನು ನಾನೇ.

ನಮ್ಮ ಕೂಟದ ಈ ವರ್ಷದ ಪಿಕ್ನಿಕ್ಕಿನಲ್ಲಿ ಮೂರು ಮನೆಯವರು ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಮಗುವೂ ಹಾವು ಬೇಕು ಅಂತ ಹಟ ಹಿಡಿದಿದೆ, ಏನು ಮಾಡೋದು ಹೇಳಿ" ಎಂದು ಕೇಳಿದರು. ಸಾಕಬೇಕೋ ಬೇಡವೋ ಎಂಬುದು ನಿಮ್ಮ ನಿಮ್ಮ ಮನೆಯ ಪಂಚಾಯಿತಿಗೆ ಬಿಟ್ಟದ್ದು. ಆದರೆ ಸಾಕುವುದೇ ಆದರೆ ಹಾವನ್ನು ಮನೆಗೆ ತರುವ ಮೊದಲು ತಿಳಿದಿರಬೇಕಾದ ವಿಷಯ ಒಂದಿದೆ. ಅದು ಬಿಸಿ. ನಾನು ತಡವಾಗಿ ಕಲಿತದ್ದನ್ನು ನೀವು ಮೊದಲೇ ಕಲಿಯಲಿ ಎಂದು ಈ ಬರಹ.

ನಮ್ಮ ಸುಬ್ಬಣ್ಣ

ನಮ್ಮಲ್ಲಿರುವುದು ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ರಾಜ್ಯಗಳ ಕಾಡು, ಹೊಲ, ಕಣಜಗಳಲ್ಲಿ ವಾಸಿಸುವ ಹಾವು. ಬಣ್ಣ ಕಿತ್ತಳೆ, ಮೇಲೆ ಕೆಂಪು ಮಚ್ಚೆ, ಹೊಟ್ಟೆಯ ಮೇಲೆ ಮೆಕ್ಕೆಜೋಳದ ಕಾಳು ಜೋಡಿಸಿದಂಥ ಕಪ್ಪು ಬಿಳುಪು ಚೌಕ. ನಮ್ಮ ಗದ್ದೆ ಬದುವಿನ ಕೇರೆ ಹಾವಿಗೆ ದೂರದ ನೆಂಟ. ವಿಷವಿಲ್ಲ, ಇಲಿ ತಿಂದು ಬದುಕುತ್ತದೆ. (ಸಸ್ಯಾಹಾರಿಗಳಾದ ನಮ್ಮ ಮನೆಯ ಫ್ರೀಜರಿನಲ್ಲಿ ಇಲಿ ಇಟ್ಟ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇನೆ.) 2020ರ ಜನವರಿಯಲ್ಲಿ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ತಂದೆವು. ಫೋನಿನಲ್ಲಿ ವಿಷಯ ತಿಳಿದ ಅಮ್ಮ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಮನೆಗೆ ಬಂದವನು ಸುಬ್ರಹ್ಮಣ್ಯ. ಹಾವು ಹಾವು ಅನ್ನಬೇಡಿ, ಹೆಸರಿಟ್ಟು ಕರೀರಿ" ಎಂದರು. ಅಂದಿನಿಂದ ಅವನು ಸುಬ್ಬಣ್ಣ.

ಹಾವಿಗೆ ಹೊರಗಿನ ಬಿಸಿ ಏಕೆ ಬೇಕು?

ನಾವು ತಿಂದ ಅನ್ನದ ದೊಡ್ಡ ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಟ್ಟುಕೊಳ್ಳುವುದಕ್ಕೇ ಖರ್ಚಾಗುತ್ತದೆ. ಹಾವಿನ ಮೈಯಲ್ಲಿ ಆ ಒಲೆ ಇಲ್ಲ. ಸುತ್ತಲಿನ ಬಿಸಿಯೇ ಅದರ ಮೈಬಿಸಿ. ಅದಕ್ಕೇ ಅದು ವಾರಕ್ಕೊಂದು ಇಲಿ ತಿಂದು ಸುಖವಾಗಿರಬಲ್ಲದು. ಆದರೆ ಈ ಉಳಿತಾಯಕ್ಕೆ ಒಂದು ಬೆಲೆ ಇದೆ. ಮೈ ತಣ್ಣಗಾದರೆ ಒಳಗಿನ ಎಲ್ಲ ಕೆಲಸವೂ ನಿಧಾನವಾಗುತ್ತದೆ. ನುಂಗಿದ ಇಲಿ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯಲು ಶುರುವಾಗಿ, ಹಾವು ಅದನ್ನು ಕಕ್ಕುತ್ತದೆ. ರೋಗ ತಡೆಯುವ ಶಕ್ತಿ ಕುಗ್ಗಿ ಶ್ವಾಸಕೋಶದ ಸೋಂಕು ಬರುತ್ತದೆ. ಹೆಚ್ಚು ಬಿಸಿಯಾದರೆ ಇನ್ನೂ ಬೇಗ ಅಪಾಯ: ಮೊದಲು ನರಗಳಿಗೆ ಪೆಟ್ಟು, ಆಮೇಲೆ ಸಾವು.

ಇದಕ್ಕೊಂದು ಸ್ವಾರಸ್ಯದ ವಿನಾಯಿತಿಯೂ ಇದೆ. ನಮ್ಮ ಕಡೆಯ ಹೆಬ್ಬಾವಿನ ಹೆಣ್ಣು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಸ್ನಾಯುಗಳನ್ನು ಅದುರಿಸುತ್ತಾ ತಾನೇ ಬಿಸಿ ಹುಟ್ಟಿಸುತ್ತದೆ. ನ್ಯೂಯಾರ್ಕಿನ ಮೃಗಾಲಯದಲ್ಲಿದ್ದ ಅಂಥ ಒಂದು ಹೆಬ್ಬಾವಿನ ಮೈಬಿಸಿ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚಿತ್ತೆಂದು ವಿಜ್ಞಾನಿಗಳು ಅಳೆದು 1966ರಲ್ಲಿ ಪ್ರಕಟಿಸಿದರು. ಆದರೆ ಅದು ಕಾವು ಕೊಡುವ ಕಾಲಕ್ಕೆ ಮಾತ್ರ. ಉಳಿದಂತೆ ಎಲ್ಲ ಹಾವುಗಳೂ ಬಿಸಿಯನ್ನು ಹೊರಗಿನಿಂದಲೇ ತೆಗೆದುಕೊಳ್ಳಬೇಕು.

ಊರಿನಲ್ಲಿ ಬೆಳೆದವರು ಇದನ್ನು ಕಣ್ಣಾರೆ ಕಂಡಿರುತ್ತೀರಿ. ಬೆಳಗಿನ ಎಳೆಬಿಸಿಲಿಗೆ ಬಂಡೆಯ ಮೇಲೋ ಬದುವಿನ ಮೇಲೋ ಚಾಚಿಕೊಂಡ ಹಾವು, ಬಿಸಿಲೇರಿದರೆ ಹುತ್ತದೊಳಗೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು ಎಂದು ನಾವು ಹಾವನ್ನು ಆಡಿಕೊಳ್ಳುತ್ತೇವೆ. ಆದರೆ ಹಾವಿನ ಲೆಕ್ಕ ಸರಿಯಾಗಿಯೇ ಇದೆ. ಮೇಲೆ ಸುಡುವ ಬಿಸಿಲಿದ್ದರೂ ದಪ್ಪ ಮಣ್ಣಿನ ಹುತ್ತದ ಒಳಗೆ ತಂಪು. ಬಿಸಿ ಬೇಕಾದಾಗ ಹೊರಗೆ, ಸಾಕಾದಾಗ ಒಳಗೆ. ದಿನವಿಡೀ ಹೀಗೆ ಓಡಾಡಿಯೇ ಅದು ತನ್ನ ಮೈಬಿಸಿಯನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ.

ಮಗಳ ಕೋಣೆಯ ಪೆಟ್ಟಿಗೆಯಲ್ಲಿ ಬಂಡೆಯೂ ಇಲ್ಲ, ಬಿಸಿಲೂ ಇಲ್ಲ, ಹುತ್ತವೂ ಇಲ್ಲ. ಹೊರಗೆ 103 ಇದ್ದರೂ ಏಸಿ ಹಾಕಿದ ಮನೆಯೊಳಗೆ ವರ್ಷವಿಡೀ 74, ಅಂದರೆ 23 ಸೆಲ್ಸಿಯಸ್. ಅಮ್ಮನ ಪ್ರಶ್ನೆಗೆ ಇದೇ ಮೊದಲ ಉತ್ತರ. ಸುಬ್ಬಣ್ಣ ಇರುವುದು ಟೆಕ್ಸಸ್ಸಿನ ಬಿಸಿಲಿನಲ್ಲಲ್ಲ, ನಮ್ಮ ಏಸಿಯಲ್ಲಿ.

ನಾನು ಮಾಡಿದ ತಪ್ಪು

ಹಾವು ಕೊಂಡ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆ, ಅದರ ತಳಕ್ಕೆ ಹೊರಗಿನಿಂದ ಅಂಟಿಸುವ ಹೀಟ್ ಮ್ಯಾಟ್, ಗೋಡೆಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಎಲ್ಲವನ್ನೂ ಕಟ್ಟಿಕೊಟ್ಟರು. "ಥರ್ಮೋಸ್ಟ್ಯಾಟ್ ಬೇಕಾ?" ಎಂದು ಕೇಳಿದೆ. "ಬೇಡ, ಈ ಮ್ಯಾಟ್ ಅಷ್ಟೇನೂ ಬಿಸಿಯಾಗಲ್ಲ" ಎಂದರು. ನಲವತ್ತು ಡಾಲರ್ ಉಳಿಯಿತಲ್ಲ ಎಂದು ಖುಷಿಯಾಯಿತು.

ಜನವರಿಯ ಚಳಿ. ಗೋಡೆಯ ಮುಳ್ಳು 75 ದಾಟಲಿಲ್ಲ. ಪುಸ್ತಕದಲ್ಲಿ ಬಿಸಿ ಬದಿ 85ರ ಮೇಲಿರಬೇಕು ಎಂದಿತ್ತು. ಇಂಜಿನಿಯರ್ ಬುದ್ಧಿ ಓಡಿಸಿದೆ. ಬಿಸಿ ಸೋರಿಹೋಗುತ್ತಿದೆ, ತಡೆಯಬೇಕು ಎಂದು ಮ್ಯಾಟಿನ ಕೆಳಗೆ ದಪ್ಪ ಟವೆಲ್ ಮಡಿಸಿ ಇಟ್ಟೆ. ಒಳಗೆ ಹಾಸಿದ್ದ ಆಸ್ಪೆನ್ ಮರದ ಹೊಟ್ಟನ್ನು ಇನ್ನೆರಡು ಅಂಗುಲ ಏರಿಸಿದೆ. ಮುಳ್ಳು 76ಕ್ಕೆ ಬಂತು. ಸುಬ್ಬಣ್ಣ ಹೊಟ್ಟಿನೊಳಗೆ ಹುದುಗಿಕೊಂಡು ದಿನಗಟ್ಟಲೆ ಹೊರಗೆ ಬರಲಿಲ್ಲ. ಬೆಚ್ಚಗಿದ್ದಾನೆ ಎಂದುಕೊಂಡೆ.

ಮೂರು ವಾರದ ಮೇಲೆ ಅವನನ್ನು ಕೈಯಲ್ಲಿ ಹಿಡಿದಿದ್ದ ಮಗಳು, "ಅಪ್ಪ, ಇವನ ಹೊಟ್ಟೆ ಮೇಲೆ ಕಂದು ಕಲೆ ಇದೆ" ಎಂದಳು. ನೋಡಿದರೆ ಒಂಬತ್ತು ಹತ್ತು ಹುರುಪೆಗಳು ಕಂದಾಗಿವೆ, ಒಂದು ಕಡೆ ಗುಳ್ಳೆ ಎದ್ದಿದೆ. ಸರೀಸೃಪ ನೋಡುವ ವೆಟ್ ಬಳಿ ಓಡಿದೆವು. ನೋಡಿದ ತಕ್ಷಣ ಅವರು ಕೇಳಿದ್ದು ಒಂದೇ ಪ್ರಶ್ನೆ: "ಥರ್ಮೋಸ್ಟ್ಯಾಟ್ ಇದೆಯಾ?"

ಮನೆಗೆ ಬರುವ ದಾರಿಯಲ್ಲಿ ಟೆಂಪರೇಚರ್ ಗನ್ ಕೊಂಡು ತಂದು, ಹೊಟ್ಟು ಸರಿಸಿ ಮ್ಯಾಟಿನ ಮೇಲಿನ ಗಾಜಿಗೆ ಹಿಡಿದೆ. 118 ಫ್ಯಾರನ್‌ಹೀಟ್, 48 ಸೆಲ್ಸಿಯಸ್! ನಾನು ಅಳೆಯುತ್ತಿದ್ದುದು ಗೋಡೆಯ ಪಕ್ಕದ ಗಾಳಿಯನ್ನು. ಹಾವು ಮಲಗಿದ್ದುದು ಗಾಜಿನ ಮೇಲೆ. ಟವೆಲ್ ಇಟ್ಟು ಬಿಸಿ ಕೆಳಗೆ ಹೋಗದಂತೆ ಮಾಡಿದ್ದೆ, ಹೊಟ್ಟು ಏರಿಸಿ ಮೇಲೆ ಹೋಗದಂತೆ ಮಾಡಿದ್ದೆ. ಹಾವಿನ ಮೈಯೇ ಒಂದು ಮುಚ್ಚಳವಾಗಿ ಉಳಿದ ಬಿಸಿಯನ್ನೂ ತಡೆದಿತ್ತು. ಮುಳ್ಳು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿತ್ತು.

"ಸುಟ್ಟರೆ ಅದೇ ಎದ್ದು ಹೋಗಬೇಕಿತ್ತಲ್ಲ?" ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅದನ್ನು ನಂಬಿ ಕೂರುವ ಹಾಗಿಲ್ಲ ಎಂದರು ವೆಟ್. ಸಾಕಿದ ಹಾವುಗಳಲ್ಲಿ ಹೀಗೆ ಸುಟ್ಟ ಗಾಯ ತೀರಾ ಸಾಮಾನ್ಯವಂತೆ. ಕಾಡಿನಲ್ಲಿ ಬಿಸಿ ಬರುವುದು ಮೇಲಿನಿಂದ. ಬಿಸಿಲು ಜೋರಾದರೆ ನೆಲದೊಳಗೆ ನುಗ್ಗುವುದು ಹಾವಿನ ಹುಟ್ಟುಗುಣ. ಇಲ್ಲಿ ನೆಲದೊಳಗೆ ನುಗ್ಗಿದಷ್ಟೂ ಬಿಸಿ ಹೆಚ್ಚು. ಅದು ಕಲಿತು ಬಂದ ಪಾಠವನ್ನೇ ನಾನು ತಲೆಕೆಳಗು ಮಾಡಿದ್ದೆ.

ಮುಲಾಮು ಹಚ್ಚಿ, ಹೊಟ್ಟಿನ ಬದಲು ಪೇಪರ್ ಟವೆಲ್ ಹಾಸಿ, ಎರಡು ದಿನಕ್ಕೊಮ್ಮೆ ಬದಲಿಸಿ ನೋಡಿಕೊಂಡೆವು. ಮೂರು ಸಲ ಪೊರೆ ಬಿಟ್ಟ ಮೇಲೆ ಹೊಟ್ಟೆ ಒಂದು ಹಂತಕ್ಕೆ ಬಂತು. ನಾಲ್ಕು ಹುರುಪೆಗಳ ಮೇಲಿನ ಕಲೆ ಈಗಲೂ ಇದೆ.

ಬಿಸಿ ಕೊಡುವುದಲ್ಲ, ಆಯ್ಕೆ ಕೊಡುವುದು

ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗು ಬರಲೆಂದು ನಾವೆಲ್ಲ ಓವನ್ನಿನ ದೀಪ ಹಾಕಿ ಒಳಗಿಡುತ್ತೇವಲ್ಲ, ನಾನು ಹಾವನ್ನೂ ಹಾಗೇ ಭಾವಿಸಿದ್ದೆ. ಇಡೀ ಪೆಟ್ಟಿಗೆಯನ್ನು ಒಂದು ಹದಕ್ಕೆ ತಂದರೆ ಮುಗಿಯಿತು ಎಂದು. ಆದರೆ ಹಿಟ್ಟು ಇಟ್ಟಲ್ಲೇ ಇರುತ್ತದೆ, ಹಾವು ಓಡಾಡುತ್ತದೆ. ಊಟವಾದ ಮೇಲೆ ಅದಕ್ಕೆ ಒಂದು ಬಿಸಿ ಬೇಕು, ಪೊರೆ ಬಿಡುವ ಮೊದಲು ಇನ್ನೊಂದು, ಸುಮ್ಮನೆ ಮಲಗುವಾಗ ಮತ್ತೊಂದು. ಯಾವಾಗ ಎಷ್ಟು ಎಂದು ಅದಕ್ಕೇ ಗೊತ್ತು. ನಮ್ಮ ಕೆಲಸ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಇಟ್ಟು ನಡುವೆ ಓಡಾಡಲು ಜಾಗ ಬಿಡುವುದು.

ಕಾರ್ನ್ ಸ್ನೇಕ್‌ಗೆ ಬಿಸಿ ಬದಿಯ ನೆಲ 29ರಿಂದ 31 ಸೆಲ್ಸಿಯಸ್ (85ರಿಂದ 88 ಫ್ಯಾರನ್‌ಹೀಟ್), ತಂಪು ಬದಿ 22ರಿಂದ 25 (72ರಿಂದ 77) ಇರಲಿ. ರಾತ್ರಿ ಒಂದೆರಡು ಡಿಗ್ರಿ ಇಳಿದರೆ ತೊಂದರೆಯಿಲ್ಲ. ಮಕ್ಕಳು ಹೆಚ್ಚು ಕೇಳುವ ಇನ್ನೊಂದು ಹಾವು ಬಾಲ್ ಪೈಥಾನ್. ಅದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ್ದು, ಚಳಿ ಸಹಿಸದು. ಅದಕ್ಕೆ ಬಿಸಿ ಬದಿ 31ರಿಂದ 33 (88ರಿಂದ 92), ತಂಪು ಬದಿಯೂ 25ರಿಂದ 27 (77ರಿಂದ 80) ಬೇಕು. ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ.

ಹೀಟರು ಪೆಟ್ಟಿಗೆಯ ಒಂದು ತುದಿಯಲ್ಲಿರಲಿ, ನೆಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆವರಿಸದಿರಲಿ. ಪೆಟ್ಟಿಗೆ ತೀರಾ ಚಿಕ್ಕದಾದರೆ ಎರಡು ಬದಿಯೂ ಒಂದೇ ಬಿಸಿಯಾಗಿ ಆಯ್ಕೆಯೇ ಉಳಿಯುವುದಿಲ್ಲ. ಇನ್ನೊಂದು ಮುಖ್ಯ ಮಾತು: ಅಡಗಿಕೊಳ್ಳಲು ಎರಡೂ ಬದಿಯಲ್ಲಿ ಒಂದೊಂದು ಗೂಡು ಇಡಿ. ಒಂದೇ ಗೂಡಿದ್ದರೆ ಹಾವು ಭಯಕ್ಕೆ ಅಲ್ಲೇ ಕೂರುತ್ತದೆ, ಬಿಸಿ ಸರಿಯಿರಲಿ ಬಿಡಲಿ. ಹಾವಿಗೆ ಮೊದಲು ರಕ್ಷಣೆ, ಆಮೇಲೆ ಬಿಸಿ.

ಹಂಡೆ ಮತ್ತು ಗೀಸರ್

ಥರ್ಮೋಸ್ಟ್ಯಾಟ್ ಏಕೆ ಬೇಕೇಬೇಕು? ನಮ್ಮಜ್ಜಿಯ ಬಚ್ಚಲುಮನೆಯ ಹಂಡೆ ನೆನಪಿಸಿಕೊಳ್ಳಿ. ಒಲೆಗೆ ಸೌದೆ ಹಾಕುತ್ತಾ ಹೋದರೆ ನೀರು ಕುದಿಯುತ್ತಲೇ ಹೋಗುತ್ತದೆ. ಸಾಕು ಎಂದು ಸೌದೆ ಹಿಂದಕ್ಕೆಳೆಯಲು ಯಾರಾದರೂ ಅಲ್ಲಿರಬೇಕು. ಗೀಸರ್ ಹಾಗಲ್ಲ, ನೀರು ಹದಕ್ಕೆ ಬಂದೊಡನೆ ಟಕ್ಕೆಂದು ತಾನೇ ಆರುತ್ತದೆ. ಥರ್ಮೋಸ್ಟ್ಯಾಟ್ ಇಲ್ಲದ ಹೀಟ್ ಮ್ಯಾಟ್ ಎಂದರೆ ಯಾರೂ ಕಾಯದ ಹಂಡೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಥರ್ಮೋಸ್ಟ್ಯಾಟ್ ಎರಡು ಸಾಲಿನ ಪ್ರೋಗ್ರಾಮ್: ಬಿಸಿ ಕಡಿಮೆಯಾದರೆ ಹಚ್ಚು, ಹೆಚ್ಚಾದರೆ ಆರಿಸು.

ಆದರೆ ಆ ಪ್ರೋಗ್ರಾಮಿಗೆ ಕಣ್ಣು ಎಂದರೆ ಪ್ರೋಬ್ ಒಂದೇ, ವೈರಿನ ತುದಿಯ ಆ ಸಣ್ಣ ಗುಂಡು. ಅದನ್ನು ತಂಪು ಬದಿಯಲ್ಲಿ ಬಿಟ್ಟರೆ ಹೀಟರ್ ಆರುವುದೇ ಇಲ್ಲ. ಹಾವು ಅದನ್ನು ಮೂತಿಯಿಂದ ತಳ್ಳಿ ಪಕ್ಕಕ್ಕೆ ಸರಿಸಿದರೂ ಅಷ್ಟೇ. ಹೀಟ್ ಮ್ಯಾಟ್ ಆದರೆ ಪ್ರೋಬನ್ನು ಪೆಟ್ಟಿಗೆಯ ಹೊರಗೆ, ಮ್ಯಾಟ್ ಮತ್ತು ಗಾಜಿನ ನಡುವೆ ಅಲುಗಾಡದಂತೆ ಕೂರಿಸಿ. ಆಮೇಲೆ ಒಳಗಿನ ಗಾಜಿನ ನೆಲವನ್ನು ಹೊಟ್ಟು ಸರಿಸಿ ಟೆಂಪರೇಚರ್ ಗನ್ನಿನಿಂದ ಅಳೆದು, ಅಲ್ಲಿ 31 ಬರುವವರೆಗೆ ಥರ್ಮೋಸ್ಟ್ಯಾಟನ್ನು ತಿರುಗಿಸಿ. ಗನ್ನನ್ನು ಗಾಜಿನ ಹೊರಗಿನಿಂದ ಹಿಡಿಯಬೇಡಿ. ಅದು ಗಾಜಿನ ಬಿಸಿ ತೋರಿಸುತ್ತದೆಯೇ ಹೊರತು ಒಳಗಿನದ್ದಲ್ಲ.

ಯಾವ ಹೀಟರ್?

ಹೀಟ್ ಮ್ಯಾಟ್ ಅಗ್ಗ, ವಿದ್ಯುತ್ತೂ ಕಡಿಮೆ. ಆದರೆ ಅದು ನೆಲವನ್ನು ಬಿಸಿ ಮಾಡುತ್ತದೆ, ಗಾಳಿಯನ್ನಲ್ಲ. ಮೇಲೆ ದಪ್ಪ ಹಾಸು ಬೇಡ, ಕೆಳಗೆ ಗಾಳಿಯಾಡಲು ಜಾಗ ಬಿಡಿ, ನನ್ನ ಹಾಗೆ ಟವೆಲ್ ಇಡಬೇಡಿ. ಹ್ಯಾಲೊಜೆನ್ ದೀಪ ಬಿಸಿಲಿನಂತೆ ಮೇಲಿನಿಂದ ಬಿಸಿ ಕೊಡುತ್ತದೆ. ಅದರ ಕಿರಣಗಳು ಚರ್ಮದ ಒಳಕ್ಕೂ ಇಳಿಯುತ್ತವೆ, ಹಾವಿಗೆ ಹೆಚ್ಚು ಸಹಜ. ಹಗಲಿಗೆ ಇದೇ ಒಳ್ಳೆಯದು. ರಾತ್ರಿ ಕತ್ತಲಾಗಲೇಬೇಕು, ಆಗ ಬಿಸಿ ಬೇಕಿದ್ದರೆ ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಇದೆ. ಕೆಂಪು, ನೀಲಿ ದೀಪಗಳನ್ನು ರಾತ್ರಿಗೆಂದು ಮಾರುತ್ತಾರೆ, ಅವು ಬೇಡ. ಪೆಟ್ಟಿಗೆಯೊಳಗೆ ದೀಪವೋ ಸೆರಾಮಿಕ್ಕೋ ಇದ್ದರೆ ಸುತ್ತ ಜಾಲರಿ ಕಡ್ಡಾಯ. ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಳ್ಳುತ್ತದೆ. ಒಳಗೆ ವೈರಿರುವ "ಬಿಸಿ ಕಲ್ಲು" ಎಂಬುದನ್ನು ಮಾತ್ರ ಯಾರು ಹೇಳಿದರೂ ಕೊಳ್ಳಬೇಡಿ. ಸುಟ್ಟ ಗಾಯಕ್ಕೆ ಅದು ಹೆಸರುವಾಸಿ.

ಥರ್ಮೋಸ್ಟ್ಯಾಟಿನಲ್ಲೂ ಜಾತಿಗಳಿವೆ. ಹಚ್ಚಿ ಆರಿಸುವ ಸಾದಾ ಬಗೆ ಮ್ಯಾಟಿಗೆ ಸಾಕು. ದೀಪಕ್ಕೆ ಹಾಕಿದರೆ ದೀಪ ಮಿಣುಕುತ್ತಾ ಬೇಗ ಸುಟ್ಟುಹೋಗುತ್ತದೆ. ಅದಕ್ಕೆ ಬೆಳಕನ್ನು ನಿಧಾನವಾಗಿ ಏರಿಳಿಸುವ ಡಿಮ್ಮರ್ ಬಗೆ ಬೇಕು. ಸೆರಾಮಿಕ್ಕಿಗೆ ಪಲ್ಸ್ ಬಗೆ ಚೆನ್ನ.

ಎಲ್ಲ ಜೋಡಿಸಿದ ಮೇಲೆ ಖಾಲಿ ಪೆಟ್ಟಿಗೆಯನ್ನು ಮೂರು ನಾಲ್ಕು ದಿನ ಓಡಿಸಿ. ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ ಎರಡೂ ಬದಿಯನ್ನು ಅಳೆದು ಬರೆದಿಡಿ. ಟೆಸ್ಟ್ ಮಾಡದೆ ಕೋಡನ್ನು ಪ್ರೊಡಕ್ಷನ್ನಿಗೆ ಬಿಡದ ನಾನು ಜೀವವಿರುವ ಹಾವನ್ನು ಟೆಸ್ಟ್ ಮಾಡದ ಪೆಟ್ಟಿಗೆಗೆ ಬಿಟ್ಟಿದ್ದೆ.

ಕರೆಂಟ್ ಹೋದಾಗ

2021ರ ಫೆಬ್ರವರಿಯ ಹಿಮಗಾಳಿಯನ್ನು ಇಲ್ಲಿದ್ದವರು ಮರೆತಿರಲಾರಿರಿ. 15ರ ನಸುಕಿನಲ್ಲಿ ಟೆಕ್ಸಸ್ಸಿನಾದ್ಯಂತ ಕರೆಂಟ್ ತೆಗೆಯಲು ಶುರುಮಾಡಿದರು. 16ರಂದು ಡಲ್ಲಾಸಿನಲ್ಲಿ ಸೊನ್ನೆಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಅಂದರೆ ಮೈನಸ್ 19 ಸೆಲ್ಸಿಯಸ್. ನಮ್ಮ ಮನೆಯೊಳಗೆ 48 ಫ್ಯಾರನ್‌ಹೀಟ್‌ವರೆಗೆ ಇಳಿಯಿತು. ನಾವು ರಜಾಯಿ ಹೊದ್ದು ಒಂದೇ ಕೋಣೆಯಲ್ಲಿ ಕೂತೆವು. ಸುಬ್ಬಣ್ಣನಿಗೆ?

ಅವನನ್ನು ದಿಂಬಿನ ಚೀಲದೊಳಗೆ ಬಿಟ್ಟು ಬಾಯಿ ಕಟ್ಟಿ, ಪಿಕ್ನಿಕ್ಕಿನ ಕೂಲರ್ ಡಬ್ಬಿಯಲ್ಲಿಟ್ಟೆವು. ಗ್ಯಾಸ್ ಒಲೆ ಇತ್ತು. ನೀರು ಬಿಸಿ ಮಾಡಿ ಬಾಟಲಿಗೆ ತುಂಬಿ, ಟವೆಲ್ ಸುತ್ತಿ ಡಬ್ಬಿಯ ಒಂದೇ ಬದಿಗೆ ಇಟ್ಟೆವು. ಗಾಳಿಗೆ ಮುಚ್ಚಳ ಸ್ವಲ್ಪ ಓರೆ. ಡಬ್ಬಿಯೊಳಗೂ ಒಂದು ಬಿಸಿ ಬದಿ, ಒಂದು ತಂಪು ಬದಿ ಎಂಬುದನ್ನು ಗಮನಿಸಿ. ಕಾರ್ನ್ ಸ್ನೇಕ್ ಹೊಟ್ಟೆ ಖಾಲಿಯಿದ್ದರೆ ಕೆಲವು ದಿನ ತಣ್ಣಗಿದ್ದರೂ ತಡೆದುಕೊಳ್ಳುತ್ತದೆ. ಹಾಗಾಗಿ ಮನೆ ಬೆಚ್ಚಗಾಗುವವರೆಗೆ ಊಟ ಕೊಡಲಿಲ್ಲ. ಬಾಲ್ ಪೈಥಾನ್ ಆಗಿದ್ದರೆ ಇಷ್ಟು ನಿಶ್ಚಿಂತೆಯಿಂದ ಇರಲಾಗುತ್ತಿರಲಿಲ್ಲ. ಬಿಸಿಗೆಂದು ಇದ್ದಿಲಿನ ಒಲೆಯನ್ನಾಗಲಿ ಗ್ರಿಲ್ಲನ್ನಾಗಲಿ ಯಾವ ಕಾರಣಕ್ಕೂ ಮನೆಯೊಳಗೆ ತರಬೇಡಿ. ಆ ವಾರ ಟೆಕ್ಸಸ್ಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿಗೆ ಜನ ಸತ್ತರು.

ಕರೆಂಟ್ ಹೋದಾಗ ಮೊದಲು ಹೀಟರಿನ ಪ್ಲಗ್ ಕೀಳಿ. ಹಾವನ್ನು ತೆಗೆಯುವ ಗಡಿಬಿಡಿಯಲ್ಲಿ ನಮ್ಮ ಪ್ರೋಬ್ ಸರಿದುಹೋಗಿತ್ತು. ಕರೆಂಟ್ ಬಂದದ್ದು ನಡುರಾತ್ರಿ. ಪ್ಲಗ್ ಹಾಗೇ ಇದ್ದಿದ್ದರೆ ಮ್ಯಾಟ್ ಬೆಳಗಿನವರೆಗೂ ಪೂರ್ತಿ ಉರಿಯುತ್ತಿತ್ತು. ಬೇಸಿಗೆಯ ಕಥೆ ಇದರ ಉಲ್ಟಾ. ಏಸಿ ಕೆಟ್ಟರೆ ಥರ್ಮೋಸ್ಟ್ಯಾಟ್ ಹೀಟರನ್ನು ಆರಿಸಬಲ್ಲದೇ ಹೊರತು ಕೋಣೆಯನ್ನು ತಂಪು ಮಾಡಲಾರದು. ಪೆಟ್ಟಿಗೆಯನ್ನು ಮನೆಯ ತಂಪಾದ ಕೋಣೆಗೆ ಸಾಗಿಸುವುದೊಂದೇ ದಾರಿ.

ಕೊನೆಗೊಂದು ಮಾತು

ಇಷ್ಟನ್ನೂ ಅಮ್ಮನಿಗೆ ವಿವರಿಸಿದೆ. ಮಗಳು ಸುಬ್ಬಣ್ಣನನ್ನು ಮೆಲ್ಲಗೆ ಎತ್ತಿ ಅಜ್ಜಿಗೆ ಹೊಟ್ಟೆಯ ಕಲೆ ತೋರಿಸಿದಳು. ಅಮ್ಮ ಸ್ವಲ್ಪ ಹೊತ್ತು ನೋಡಿ, "ಪಾಪ, ಬಾಯಿ ಬರದ ಜೀವ. ಸುಡ್ತಾ ಇದೆ ಅಂತ ಯಾರಿಗೆ ಹೇಳೀತು" ಎಂದರು. ಮರುದಿನದಿಂದ ಬೆಳಗಿನ ಕಾಫಿಯಾದ ಮೇಲೆ ಥರ್ಮೋಸ್ಟ್ಯಾಟಿನ ಅಂಕಿ ನೋಡಿ ಬರುವುದು ಅವರ ಕೆಲಸವಾಯಿತು. ನಾಗರಪಂಚಮಿಗೆ ಹಾಲು ಎರೆಯಲು ಮಾತ್ರ ಮೊಮ್ಮಗಳು ಬಿಡಲಿಲ್ಲ. ಹಾವಿಗೆ ಹಾಲು ಆಗುವುದಿಲ್ಲ ಎಂದು ಅಜ್ಜಿಗೇ ಪಾಠ ಮಾಡಿದಳು.

ಇದೆಲ್ಲ ಇಲ್ಲಿ ಸಾಕಣೆಯಲ್ಲೇ ಹುಟ್ಟಿದ ಹಾವುಗಳ ಮಾತು. ರಜೆಗೆ ಊರಿಗೆ ಹೋದಾಗ ಮಕ್ಕಳು ಗದ್ದೆಯ ಕೇರೆಯನ್ನೋ ಹೆಬ್ಬಾವಿನ ಮರಿಯನ್ನೋ ಕಂಡು ಆಸೆಪಟ್ಟರೆ, ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂದು ತಿಳಿಸಿ ಹೇಳಿ. ಅದಕ್ಕೆ ಅದರ ಹುತ್ತ ಇದೆ.

ಇಲ್ಲಿ ಹಾವು ತರಲು ಹೊರಟವರು ಪಟ್ಟಿಯಲ್ಲಿ ಥರ್ಮೋಸ್ಟ್ಯಾಟನ್ನು ಮೊದಲು ಬರೆಯಿರಿ, ಹಾವನ್ನು ಕೊನೆಗೆ. ಟೆಂಪರೇಚರ್ ಗನ್ ಬೇಕಿದ್ದರೆ ಮುಂದಿನ ಕೂಟದಲ್ಲಿ ಸಿಕ್ಕಾಗ ಕೇಳಿ, ನನ್ನದನ್ನೇ ಕೊಡುತ್ತೇನೆ. ಅಳೆದು ಮುಗಿದ ಮೇಲೆ ವಾಪಸ್ ಕೊಟ್ಟರೆ ಸಾಕು.